ಅಜ್ಜನ ಹೊಟ್ಟೆನೋವೂ ‘ಹೊರಗೆ’ ಎಂಬ ಶಬ್ದವೂ

ಬಸ್ರೂರಿನ ನನ್ನ ಅಜ್ಜ ಬೆಳಗಿನ ದೋಸೆ ಬೇಡ ಎಂದದ್ದನ್ನು ನಾನು ಕಂಡದ್ದು ಒಂದೇ ಸಲ. ಎಪ್ಪತ್ತು ದಾಟಿದರೂ ತೆಂಗಿನಕಾಯಿ ವ್ಯಾಪಾರ ಬಿಡದ ಗಟ್ಟಿ ಮನುಷ್ಯ ಅವರು. ಅಂಥವರು ಜಗಲಿಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಹೊಕ್ಕುಳ ಕೆಳಗೆ ಅಂಗೈ ಒತ್ತಿ ಹಿಡಿದು, “ಇದೆಂತ ನೋವ್ ಮಾರಾಯ್ತಿ, ತಡ್ಕಂಬುಕೇ ಆತಿಲ್ಲೆ” ಎಂದು ಅಜ್ಜಿಯನ್ನು ಕರೆದರು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

ನಾನು ರಜೆಗೆಂದು ಬ್ರಹ್ಮಾವರದಿಂದ ಬಂದಿದ್ದೆ. ಮಾವ ಕಾಯಿಯ ಲೋಡಿನ ಜೊತೆ ಹೋಗಿದ್ದರಿಂದ ಮನೆಯಲ್ಲಿ ಉಳಿದವರು ಅಜ್ಜಿ, ಅತ್ತೆ, ನಾನು. ಮೂವರಿಗೂ ಕಾರಣ ಆಗಲೇ ಗೊತ್ತಾಗಿತ್ತು. ಮೂರೂ ಬೇರೆ ಬೇರೆ, ಅಷ್ಟೇ.

ಅಜ್ಜಿಯ ಆಪಾದನೆ ಸಿಗಡಿಯ ಮೇಲೆ. ಎರಡು ದಿನದ ಹಿಂದೆ ಬಿಜೂರಿನ ನೆಂಟರ ಮನೆಯ ಔತಣದಲ್ಲಿ ಅಜ್ಜ ಸಿಗಡಿ ಸುಕ್ಕ ಮೂರು ಸಲ ಹಾಕಿಸಿಕೊಂಡಿದ್ದರು.

“ಸಾಕ್ ಅಂದೇಳಿ ಅಲ್ಲೇ ಹೇಳಿದ್ದೆ. ಕೇಂತ್ರಾ ಇವ್ರ್?”

“ಮೊನ್ನೆ ತಿಂದದ್ದ್ ಇವತ್ತ್ ಎಂತಕೆ ನೋವ್ ಕೊಡ್ತ್ ಅಜ್ಜಿ? ಅದೇ ಸಿಗ್ಡಿ ನಾನೂ ತಿಂದಿದ್ದೆ. ನಂಗೆಂತ ಆಯ್ಲಿಲ್ಲ ಅಲ್ದಾ?”

“ನಿಂದ್ ಹೊಟ್ಟಿಯಾ ಅದ್? ಬಾವಿ!”

ಅತ್ತೆಯ ಪ್ರಕಾರ ಅದು ದೃಷ್ಟಿ. ಮೂರು ಸಲ ಹಾಕಿಸಿಕೊಂಡದ್ದನ್ನು ಪಂಕ್ತಿಯಲ್ಲಿ ಎಷ್ಟು ಕಣ್ಣು ನೋಡಿರಬೇಡ! ದೃಷ್ಟಿ ತಾಗುವುದಾದರೆ ತಿಂದ ಬಾಯಿಗೆ ತಾಗಬೇಕು, ಅದು ಹೊಕ್ಕುಳು ದಾಟಿ ಕೆಳಗೆ ಹೋಗಿ ಕೂತದ್ದೇಕೆ ಎಂದು ಕೇಳಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ಪ್ರಶ್ನೆಗೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಅತ್ತೆ “ನೀ ಸುಮ್ನಿರ್ ಕಾಂಬ” ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನ ಘಾಟಿಗೆ ಅಜ್ಜ ಕೆಮ್ಮಿದರು, ಕೆಮ್ಮಿದ್ದಕ್ಕೆ ನೋವು ಇಮ್ಮಡಿಯಾಯಿತು. ದೃಷ್ಟಿ ಬಲವಾಗಿದ್ದಕ್ಕೆ ಅದೇ ಸಾಕ್ಷಿ ಎಂದರು ಅತ್ತೆ.

ನನ್ನ ಪಕ್ಷ ಅಪೆಂಡಿಕ್ಸ್. ಮೊಬೈಲಿನಲ್ಲಿ ಓದಿದ್ದೆ. ನೋವು ಬಲಬದಿಯಲ್ಲಿರಬೇಕು ಎಂದು ಅಲ್ಲಿ ಬರೆದಿತ್ತು. ಅಜ್ಜನ ಕೈಯೋ ನಟ್ಟನಡುವೆ ಇತ್ತು. ನಾನು ಬಿಡಲಿಲ್ಲ.

“ಬಲಬದಿಗೆ ಒಂಚೂರ್ ಹೆಚ್ಚಾ ಅಜ್ಜಾ?”

“ಗೊತ್ತಾತಿಲ್ಲೆ.”

“ಸಮಾ ಯೋಚ್ನಿ ಮಾಡಿ ಹೇಳಿ. ಹೆಚ್ಚ್ ಅಲ್ದಾ?”

“ಹೌದ್ ಮಾರಾಯ್ತಿ, ಎಲ್ಲಾ ಬದಿಗೂ ಹೆಚ್ಚೇ!”

ಈ ಉತ್ತರದಲ್ಲಿ ನಾನು ‘ಹೌದು’ ಎಂಬುದನ್ನು ಮಾತ್ರ ತೆಗೆದುಕೊಂಡೆ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಅಜ್ಜನ ಮುಖ ನೋಡಿ ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ನಮ್ಮಲ್ಲಿ ‘ಹೊರಗೆ ಹೋಗುವುದು’ ಎಂದರೆ ಪೇಟೆಗೆ ಹೋಗುವುದೂ ಹೌದು, ಕಕ್ಕಸಿಗೆ ಹೋಗುವುದೂ ಹೌದು. ಕಕ್ಕಸಿಗೆ ಹೋದವರು ಯಾವ ಕೆಲಸಕ್ಕೆ ಹೋದರು ಎಂದು ಯಾರೂ ವಿಚಾರಿಸುವುದಿಲ್ಲ. ಹಾಗಾಗಿ ಅಜ್ಜಿಯನ್ನು ಅಡುಗೆಮನೆಗೆ ಕರೆದು ಮೆಲ್ಲನೆ ಕೇಳಿದೆ: “ಅಜ್ಜ ಬೆಳಿಗ್ಗೆ ಹೊರ್ಗೆ ಹೋಯಿ ಬಂದ್ರಾ?”

“ಒಂದ್ ಸಲ ಅಲ್ಲ, ನಾಕ್ ಸಲ ಹೋಯಿ ಬಂದ್ರ್!”

ಸರಿ, ಆ ದಾರಿಯಲ್ಲಿ ತೊಂದರೆ ಇಲ್ಲ ಎಂದು ತೀರ್ಮಾನಿಸಿದೆ.

ಅಜ್ಜನೂ ನಾನೂ ಆಟೋ ಮಾಡಿ ಕುಂದಾಪುರಕ್ಕೆ ಹೊರಟೆವು. ಆಟೋದವರು ಕನ್ನಡಿಯಲ್ಲಿ ಅಜ್ಜನನ್ನು ನೋಡಿ “ಇದ್ ಗ್ಯಾಸೇ” ಎಂದರು. ಆಧಾರ ಕೇಳಿದೆ. ಅವರ ಹೆಂಡತಿಯ ತಮ್ಮನಿಗೂ ಹೀಗೇ ಆಗಿತ್ತಂತೆ. ಅದಕ್ಕೊಂದು ಉತ್ತರ ನಾಲಗೆಯ ತುದಿಯಲ್ಲಿತ್ತು, ಆದರೆ ರಸ್ತೆಯ ಒಂದು ಹೊಂಡಕ್ಕೆ ಆಟೋ ಹಾರಿತು. ಅಜ್ಜ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಬೈಯಲಿಲ್ಲ, ನರಳಲಿಲ್ಲ, ಹಿಡಿದದ್ದು ಅಷ್ಟೇ. ವಾದ ಗೆಲ್ಲುವುದು ಬೇರೆ, ಈ ಮುದುಕರನ್ನು ಉಳಿಸಿಕೊಳ್ಳುವುದು ಬೇರೆ ಎಂದು ಆಗ ಹೊಳೆಯಿತು. ಉಳಿದ ದಾರಿ ನಾನೂ ಬಾಯಿ ಬಿಡಲಿಲ್ಲ.

ಆಸ್ಪತ್ರೆಯ ಡಾಕ್ಟರು ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ಅವರನ್ನು ಕಂಡದ್ದೇ ನನ್ನ ಬಾಯಿ ಮತ್ತೆ ತೆರೆಯಿತು. “ಬಲಭಾಗದಲ್ಲಿ ನೋವು ಹೆಚ್ಚು. ವಾಂತಿ ಇಲ್ಲ. ಬೆಳಿಗ್ಗೆ ನಾಲ್ಕು ಸಲ ಹೊರಗೆ ಹೋಗಿದ್ದಾರೆ, ಹಾಗಾಗಿ ಆ ಸಮಸ್ಯೆ ಇಲ್ಲ. ಅಪೆಂಡಿಕ್ಸ್ ಇರಬೇಕು.”

ಅವರು ಕೊನೆಯವರೆಗೆ ಕೇಳಿದರು. ಆಮೇಲೆ, “ಹೋದದ್ದು ಗೊತ್ತಾಯಿತು. ಆದದ್ದು ಗೊತ್ತಾ?” ಎಂದರು.

ನಾನು ಅಜ್ಜನ ಕಡೆ ನೋಡಿದೆ, ಅಜ್ಜ ಗೋಡೆಯ ಕಡೆ ತಿರುಗಿದರು.

ವಯಸ್ಸಾದ ನರ್ಸ್ ಒಬ್ಬರು “ಹೆಣೆ, ನೀನ್ ಒಂಚೂರ್ ಪರ್ದಿ ಆಚಿ ನಿಲ್ಲ್” ಎಂದು ನನ್ನನ್ನು ದಾಟಿಸಿದರು. ಪರದೆಗೆ ಕಿವಿ ಮುಚ್ಚುವ ಶಕ್ತಿಯಿಲ್ಲವಲ್ಲ, ಎಲ್ಲವೂ ಕೇಳಿಸಿತು.

“ಅಜ್ಜಾ, ಸಮಾ ಹೇಳಿ. ಉಚ್ಚಿ ಹೋತ್ತಾ ಇಲ್ಯಾ?”

ಮಂಚ ಕಿರುಗುಟ್ಟಿತು. ಆಮೇಲೆ ಅಜ್ಜನ ಸಣ್ಣ ಸ್ವರ: “ನಿನ್ನಿ ರಾತ್ರಿಂದ ಒಂದ್ ಹನಿ ಇಲ್ಲೆ. ಹೋಪುದ್, ನಿಂತ್ಕಂಬುದ್, ಬಪ್ಪುದ್.”

“ಮತ್ತೆ ಮನಿಯಲ್ಲಿ ಹೇಳುಕಾಗ್ದಾ?”

“ಮೊಮ್ಮಗ್ಳ್ ಎದ್ರಿಗೆ ಹ್ಯಾಂಗೆ ಹೇಳೂದ್? ಹೇಳ್ರೆ ಅದ್ ಆಧಾರ ಕೇಂತ್!”

ನರ್ಸ್ ನಕ್ಕರು. ಪರದೆಯ ಈಚೆ ನನ್ನ ಕಿವಿ ಬಿಸಿಯಾಯಿತು. ಚರ್ಚೆಗೆ ನಿಲ್ಲುವವರಿಗೆ ಮೊದಲು ಕಲಿಸುವ ಪಾಠವೇ ವಿಷಯದಲ್ಲಿರುವ ಪದಗಳ ಅರ್ಥವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ ಎನ್ನುವುದು. ಎಲ್ಲರ ಮಾತಿಗೂ ಆಧಾರ ಕೇಳಿದ ನಾನು ‘ಹೊರಗೆ’ ಎಂಬ ಮೂರಕ್ಷರಕ್ಕೆ ಅರ್ಥ ಕೇಳಿರಲಿಲ್ಲ. ಮರ್ಯಾದೆಗಾಗಿ ಮೆಲ್ಲನೆ ಕೇಳಿದೆ, ಮರ್ಯಾದೆಯ ಉತ್ತರ ಸಿಕ್ಕಿತು. ಅಷ್ಟು ಹೊತ್ತೂ ಅಜ್ಜ ನೋವು ತಿಂದರು.

ಮೂತ್ರಕೋಶ ಸಣ್ಣ ತೆಂಗಿನಕಾಯಿಯ ಹಾಗೆ ಉಬ್ಬಿತ್ತಂತೆ. ಸಪೂರ ನಳಿಗೆಯೊಂದನ್ನು ಹಾಕಿದರು. ಸ್ವಲ್ಪ ಹೊತ್ತಿಗೆ ಪರದೆಯೊಳಗಿಂದ ಒಂದು ಉದ್ದನೆಯ “ಹಾ...” ಬಂತು. ನನ್ನ ಎಷ್ಟೋ ಬಹುಮಾನಗಳಲ್ಲಿ ಯಾವುದೂ ಆ ಸದ್ದಿನಷ್ಟು ಖುಷಿ ಕೊಟ್ಟದ್ದಿಲ್ಲ.

“ಮದ್ದೇನಾದರೂ ತಗೊಳ್ತಾ ಇದ್ದಾರಾ?” ಡಾಕ್ಟರು ಕೇಳಿದರು.

“ಎಂತ ಮದ್ದೂ ಇಲ್ಲ” ಎಂದರು ಅಜ್ಜ ಹೆಮ್ಮೆಯಿಂದ. ನರ್ಸ್ ಅವರ ಅಂಗಿಯ ಕಿಸೆಯಿಂದ ಮಾತ್ರೆಯ ಹಾಳೆಯೊಂದನ್ನು ಎಳೆದರು. ಅಜ್ಜ ಬಿಡಲಿಲ್ಲ: “ಅದ್ ಮದ್ದಲ್ಲ, ಶೀತದ್ ಮಾತ್ರಿ!”

ಬಿಜೂರಿನಿಂದ ಬರುವಾಗ ಶೀತವಾಗಿ, ಮೆಡಿಕಲ್‌ನಲ್ಲಿ ತಾವೇ ಕೇಳಿ ತೆಗೆದುಕೊಂಡ ಮಾತ್ರೆ. ಬೇಗ ಗುಣವಾಗಲಿ ಎಂದು ದಿನಕ್ಕೆ ಮೂರು ನುಂಗಿದ್ದರು. ವಯಸ್ಸಾದ ಗಂಡಸರಿಗೆ ಮೂತ್ರಕೋಶದ ಬಾಯಿಯ ಹತ್ತಿರ ಪ್ರಾಸ್ಟೇಟ್ ಗ್ರಂಥಿ ಬೆಳೆದು ದಾರಿ ಇಕ್ಕಟ್ಟಾಗಿರುತ್ತದೆ, ಕೆಲವು ಶೀತದ ಮಾತ್ರೆಗಳು ಅದನ್ನು ಪೂರ್ತಿ ಮುಚ್ಚಿಬಿಡುತ್ತವೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಸ್ಕ್ಯಾನ್, ರಕ್ತಪರೀಕ್ಷೆ ಆಗಬೇಕು, ನಳಿಗೆ ಕೆಲವು ದಿನ ಇರಲಿ, ಇನ್ನೂ ತಡ ಮಾಡಿದ್ದರೆ ಕಿಡ್ನಿಗೂ ಕಷ್ಟವಿತ್ತು ಎಂದರು.

ವಾರ್ಡಿನ ಮಂಚದಲ್ಲಿ ಒರಗಿದ ಅಜ್ಜ ಒಮ್ಮೆಲೇ ಎದ್ದು ಕುಳಿತರು. ಬಿಜೂರಿನಿಂದ ಜೊತೆಗೆ ಬಂದ ಕುಂಭಾಶಿಯ ಗೆಳೆಯರಿಗೂ ಶೀತವಾಗಿತ್ತಂತೆ, ಅವರಿಗೂ ನಾಲ್ಕು ಮಾತ್ರೆ ಹರಿದು ಕೊಟ್ಟಿದ್ದರಂತೆ. “ಫೋನ್ ಕೊಡ್ ಮಗಾ, ಬೇಗ!”

ಫೋನು ಕೈಗೆ ಬಂದದ್ದೇ ತಡ, ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದರು: “ಹ್ವಾಯ್! ನಾನ್ ಕೊಟ್ಟ್ ಮಾತ್ರಿ ತಿಂದ್ಯಾ?... ತಿನ್ಲಿಲ್ಯಾ? ತಿನ್ಬೇಡ, ಬಿಸಾಡ್!... ಎಂತಕಾ? ನಂಗ್ ಉಚ್ಚಿ ಕಟ್ಟಿತ್ತ್ ಮಾರಾಯಾ, ಉಚ್ಚಿ! ನಿಂಗ್ ಸಮಾ ಹೋತ್ತಾ? ರಾತ್ರಿ ಎಷ್ಟ್ ಸಲ ಏಳ್ತೆ? ನಾಚ್ಕಿ ಎಂತಕೆ, ಹೇಳ್!”

ಎದುರಿನ ಮಂಚದ ಬಳಿ ಕೂತಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಕಿಟಕಿಯ ಕಡೆ ತಿರುಗಿ ನಕ್ಕೆ. ಪಕ್ಕದ ಮಂಚದಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಹಿರಿಯರೊಬ್ಬರು ಮಾತ್ರ ನಗಲಿಲ್ಲ. ಅಜ್ಜನ ಮಾತು ಮುಗಿಯುವುದನ್ನೇ ಕಾದು, ಹಾದುಹೋಗುತ್ತಿದ್ದ ನರ್ಸನ್ನು ಬೆರಳಲ್ಲಿ ಕರೆದು, ಗಂಟಲು ಸರಿಮಾಡಿಕೊಂಡರು.

“ಅಮಾ, ಡಾಕ್ಟ್ರ್ ಈಚಿ ಬಂದ್ರೆ, ನಂಗೂ ಒಂದ್ ವಿಷ್ಯ ಹೇಳುಕಿತ್ತ್.”