ಎಲೆಗೆ ಬಿದ್ದ ಹನಿ

ಕೋಟದ ಸ್ವರ್ಣಲತಾಳನ್ನು ನೆಂಟರೆಲ್ಲ ‘ತುಪ್ಪದ ಪೊಲೀಸು’ ಎನ್ನುತ್ತಾರೆ. ಎನ್ನುವವರಿಗೇನು, ನಾಲಿಗೆಗೆ ಎಲುಬಿಲ್ಲ. ಅವಳ ಐದು ವರ್ಷದ ಮಗಳು ದೀಕ್ಷಾಳಿಗೆ ಹಾಲು ಆಗುವುದಿಲ್ಲ. ಮೊಸರಾಗಲಿ, ತುಪ್ಪವಾಗಲಿ, ಸೋಕಿದರೆ ಸಾಕು, ತುಟಿ ಊದಿ ಉಸಿರು ಕಟ್ಟುತ್ತದೆ. ಅದಕ್ಕೇ ಆ ಮನೆಯಲ್ಲಿ ಒಗ್ಗರಣೆ ಎಂದರೆ ತೆಂಗಿನೆಣ್ಣೆ, ಪಾಯಸ ಎಂದರೆ ಕಾಯಿಹಾಲು, ಮಜ್ಜಿಗೆಯ ಬದಲು ಪುನರ್ಪುಳಿ ಸಾರು. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣದ ಸಣ್ಣಕ್ಷರವನ್ನೆಲ್ಲ ಓದುತ್ತಾಳೆ, ಓದಿ ಅಲ್ಲೇ ಇಟ್ಟು ಬರುತ್ತಾಳೆ.

ಕೋಟೇಶ್ವರದಲ್ಲಿ ನೆಂಟರ ಮನೆಯ ಉಪನಯನ. ಮಗಳ ಅನ್ನ, ಹುಳಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿದ್ದಳು. ಊಟದ ಪಂಕ್ತಿಯಲ್ಲಿ ಮಗಳ ಬಾಳೆಲೆಯನ್ನು ತಾನೇ ತೊಳೆದು, ಮಗುವನ್ನು ಅತ್ತೆಯ ಪಕ್ಕ ಬಿಟ್ಟು ಬುತ್ತಿ ತರಲು ಎದ್ದಳು. ಬಂದು ಅನ್ನ ಹಾಕಿ ಹುಳಿ ಕಲಸಿ ಕೊಟ್ಟಳು. ನಾಲ್ಕು ತುತ್ತು ಹೋಗಿರಲಿಲ್ಲ, ಮಗು ಗಂಟಲು ಹಿಡಿದುಕೊಂಡಿತು.

ಗಂಡ ರಾಘವೇಂದ್ರ ಕುಂದಾಪುರದ ಆಸ್ಪತ್ರೆಗೆ ಕಾರು ಓಡಿಸಿದ. ದಾರಿಯುದ್ದಕ್ಕೂ ಸ್ವರ್ಣಲತಾ, "ನಾ ಎಂತ ಹಾಕ್ದೆ? ನಾನೇ ಬೇಯ್ಸದ್ದ್ ಅಲ್ದಾ?" ಎಂದು ಹಲುಬಿದಳು. ಪಕ್ಕದಲ್ಲಿ ಅತ್ತೆ ರತ್ನಮ್ಮ ಮಗುವಿನ ಬೆನ್ನು ನೀವುತ್ತಿದ್ದರು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಹಾಲು, ತುಪ್ಪವೇನಾದರೂ ಹೊಟ್ಟೆಗೆ ಹೋಯಿತೇ ಎಂದು ಕೇಳಿದಾಗಲೇ ರತ್ನಮ್ಮ ಬಾಯಿಬಿಟ್ಟದ್ದು.

"ಬಡ್ಸದ್ದ್ ಅಲ್ಲ ಡಾಕ್ಟ್ರೇ. ಎಲಿ ಶುದ್ಧಿಗೆ ಒಂದ್ ಹನಿ ಬಿಟ್ಟದ್ದ್ ಅಷ್ಟೇ. ಬರೀ ಎಲಿಗೆ ಅನ್ನ ಬಡ್ಸುಕಾಗ ಅಲ್ದಾ?"

ಉಣ್ಣುವ ಮೊದಲು ಎಲೆಗೆ ತುಪ್ಪ ಸೋಕಿಸುವುದು ಅವರಲ್ಲಿ ಪದ್ಧತಿ. ಅವರ ಮಟ್ಟಿಗೆ ಅದು ತಿನ್ನುವ ತುಪ್ಪವೇ ಅಲ್ಲ. ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ! ಸ್ವರ್ಣಲತಾಳಿಗೆ ಮಾತ್ರ ಸಿಟ್ಟು ಬರಲಿಲ್ಲ. ಹುಟ್ಟಿದಂದಿನಿಂದ ತಾನೂ ಅಂಥ ಎಲೆಯಲ್ಲೇ ಉಂಡವಳು. ಅಡುಗೆಯನ್ನೆಲ್ಲ ಕಾದು, ಎಲೆಯನ್ನೇ ಮರೆತಿದ್ದಳು. ಇನ್ನು ಏನನ್ನು ನಂಬಿ ಮಗುವಿಗೆ ಉಣಿಸುವುದು?

ಮಗು ಉಳಿಯಿತು. ಮನೆಗೆ ಬಂದ ಮೇಲೆ ಸ್ವರ್ಣಲತಾ ಸ್ಟೀಲಿನ ಬಟ್ಟಲನ್ನು ತೊಳೆದು, ಮತ್ತೆ ತೊಳೆದು, ಗಂಜಿ ಬಡಿಸಿದಳು. ದೀಕ್ಷಾ ಬಟ್ಟಲನ್ನು ಅಮ್ಮನ ಕಡೆಗೆ ತಳ್ಳಿದಳು.

"ನೀ ಮೊದ್ಲ್ ಉಣ್ಣ್ ಅಮ್ಮಾ."

ತಾನು ಉಂಡರೆ ಏನೂ ಗೊತ್ತಾಗುವುದಿಲ್ಲ, ಹಾಲು ಆಗದಿರುವುದು ತನಗಲ್ಲ. ಆದರೂ ಸ್ವರ್ಣಲತಾ ಒಂದು ಚಮಚ ಗಂಜಿ ಬಾಯಿಗಿಟ್ಟು ನುಂಗಿದಳು. ಮಗು ಅವಳ ತುಟಿಯನ್ನೇ ನೋಡುತ್ತಾ ಕೂತಿತು.