ಚೌಡಕ್ಕ ತೋರಿಸಿದ ಗೆರೆ

ತೆಲುಗು ರಾಜ್ಯದ ಗಡಿಯೊಳಗಿನ ಅಮರಾಪುರದಿಂದ ಎಂಟು ಕಿಲೋಮೀಟರ್ ಒಳಗೆ ಸಿದ್ದರಕೆರೆ ಎಂಬ ಊರಿದೆ. ಊರಿಗೆ ಹೆಸರು ಕೊಟ್ಟ ಕೆರೆಯ ಏರಿಯ ಬುಡದಲ್ಲಿ, ಊರಿನ ಮನೆಗಳಿಂದ ಒಂದಿಷ್ಟು ದೂರ, ಶೀಟು ಹೊದಿಸಿದ ಒಂದೇ ಕೋಣೆಯ ಮನೆ. ಅಲ್ಲಿರುವವಳು ಚೌಡಕ್ಕ. ವಯಸ್ಸು ಅರವತ್ತಕ್ಕೆ ಎರಡು ಕಡಿಮೆ. ಮಾತು ಕಡಿಮೆ, ನಡಿಗೆ ಬಿರುಸು.

ಅವಳ ಅಪ್ಪ ಈ ಕೆರೆಯ ನೀರಗಂಟಿಯಾಗಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಅವನ ಕೆಲಸ. ಗಂಡು ಮಕ್ಕಳಿರಲಿಲ್ಲ. ಹದಿನೆಂಟಕ್ಕೆ ಚೌಡಕ್ಕನನ್ನು ರೊಳ್ಳದ ಕಡೆಗೆ ಮದುವೆ ಮಾಡಿ ಕೊಟ್ಟರು. ಎರಡು ವರ್ಷಕ್ಕೆ ಅವಳು ಒಂದು ಚೀಲ ಹಿಡಿದು ವಾಪಸು ಬಂದಳು. ಯಾಕೆ ಬಂದೆ ಎಂದು ಅಪ್ಪ ಕೇಳಲಿಲ್ಲ. ಮರುದಿನ ಬೆಳಗ್ಗೆ ಏರಿಯ ಮೇಲೆ ಕರೆದುಕೊಂಡು ಹೋಗಿ ತೂಬಿನ ಕಬ್ಬಿಣದ ಚಕ್ರ ತಿರುಗಿಸುವುದನ್ನು ಕಲಿಸಿದ. ಅವನು ಸತ್ತ ಮೇಲೆ ಚಕ್ರ ಅವಳ ಕೈಗೇ ಬಂತು. ಹೆಂಗಸು ನೀರಗಂಟಿಯಾಗುವುದೇ ಎಂದು ಒಂದಿಬ್ಬರು ಗೊಣಗಿದರು. ಚಳಿಯಲ್ಲಿ ಕುತ್ತಿಗೆಮಟ್ಟ ನೀರಿಗಿಳಿದು ತೂಬಿಗೆ ಸಿಕ್ಕಿದ ಕಸ ತೆಗೆಯುವುದಕ್ಕೆ ಬೇರೆ ಯಾರೂ ಮುಂದೆ ಬರದಿದ್ದರಿಂದ ಗೊಣಗಾಟ ತಾನಾಗಿ ನಿಂತಿತು.

ಅವಳಿಗೆ ಒಬ್ಬಳೇ ತಂಗಿ. ಆ ತಂಗಿ ನಾಲ್ಕು ವರ್ಷದ ಮಗನನ್ನು ಬಿಟ್ಟು ಕಾಮಾಲೆಯಿಂದ ತೀರಿಕೊಂಡಳು. ಮಗುವಿನ ಹೆಸರು ಹರೀಶ. ಅವನ ತಂದೆ ಇನ್ನೊಂದು ಮದುವೆಯಾದ. ಚೌಡಕ್ಕ ಮಗುವನ್ನು ಎತ್ತಿಕೊಂಡು ಬಂದು ಬೆಳೆಸಿದಳು. ಬೆಳೆದ ಮೇಲೆ ಅವನು ಊರೊಳಗೆ ಮನೆ ಕಟ್ಟಿಕೊಂಡ. ಹೆಂಡತಿ ರಾಧಾ ಬಂದಳು. ಬಂದ ದಿನದಿಂದ ರಾಧಾ ದಿನವೂ ಹೊತ್ತು ಮುಳುಗುವ ಮೊದಲು ಏರಿಯ ಮೇಲೆ ಬರುತ್ತಿದ್ದಳು, ಸೆರಗಿನಡಿ ಊಟದ ಡಬ್ಬಿ ಹಿಡಿದು. ‘ಅತ್ತೆ, ಬಿಸೀದೈತೆ, ಈಗ್ಲೇ ಉಣ್ಣು’ ಎಂದು ಎದುರಿಗೇ ಕೂರುತ್ತಿದ್ದಳು. ಹದಿನಾರು ವರ್ಷ ಅದು ತಪ್ಪಿರಲಿಲ್ಲ.

ಹರೀಶ ಎರಡು ಎಕರೆ ರೇಷ್ಮೆ ಸೊಪ್ಪು ಬೆಳೆಯುತ್ತಿದ್ದ. ಆ ಎರಡು ಎಕರೆ ಇದ್ದದ್ದು ಕೆರೆಯ ಅಂಗಳದಲ್ಲಿ. ಹಿಂದೆ ಅಲ್ಲಿ ನೀರು ನಿಲ್ಲುತ್ತಿತ್ತು. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಮಳೆ ಸರಿಯಾಗಿ ಬಾರದ ಕಾಲದಲ್ಲಿ, ಊರಿನವರೇ ಕೆಲವರು ಸೇರಿ ಕೋಡಿಯ ಮೇಲಿನ ಎರಡು ಸಾಲು ಕಲ್ಲು ಕಿತ್ತುಹಾಕಿದರು. ಆಮೇಲೆ ಕೆರೆ ತುಂಬುವ ಮೊದಲೇ ನೀರು ಕೋಡಿಯಲ್ಲಿ ಹರಿದುಹೋಗುತ್ತಿತ್ತು. ಒಣಗಿದ ಅಂಗಳವನ್ನು ಹದಿಮೂರು ಮನೆಯವರು ಹಂಚಿಕೊಂಡು ಉತ್ತರು. ಯಾರ ಬಳಿಯೂ ಪಟ್ಟಾ ಇರಲಿಲ್ಲ. ಕಿತ್ತ ಕಲ್ಲುಗಳು ಹಟ್ಟಿಗಳ ಅಡಿಪಾಯವಾದವು. ಹೊಸದಾಗಿ ಬಂದವರಿಗೆ ಕೋಡಿ ಮೊದಲಿನಿಂದಲೂ ಅಷ್ಟೇ ಎತ್ತರವಿತ್ತು ಎಂದೇ ತೋರುತ್ತಿತ್ತು.

ಮೂರು ವರ್ಷದ ಹಿಂದೆ ಆಗಸ್ಟ್‌ನಿಂದಲೇ ಮಳೆ ಹಿಡಿಯಿತು. ತಗ್ಗಿದ ಕೋಡಿಯಲ್ಲಿ ಹರಿದು ತೀರದಷ್ಟು ನೀರು ಬಂದು, ಕೆರೆ ಕೋಡಿಯ ಮಟ್ಟ ಮೀರಿ ತುಂಬಿತು. ನೀರಿನ ನಡುವೆ ನಿಂತ ಜಾಲಿ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿದವು. ಅಷ್ಟು ಗೂಡುಗಳನ್ನು ಚೌಡಕ್ಕ ಚಿಕ್ಕಂದಿನಲ್ಲಿ ಕಂಡಿದ್ದಳು, ಆಮೇಲೆ ಕಂಡಿರಲಿಲ್ಲ. ಅಕ್ಟೋಬರ್‌ನಲ್ಲಿ ನೀರು ಹರೀಶನ ಸೊಪ್ಪಿನ ತೋಟಕ್ಕೆ ಹತ್ತಿತು. ಅವನು ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬಂದು ನಿಂತ.

‘ದೊಡ್ಡಮ್ಮ, ತೂಬು ಎತ್ತು. ಇನ್ನೊಂದು ವಾರ ನಿಂತ್ರೆ ಬೇರು ಕೊಳ್ತೋಗ್ತದೆ. ಮನೇಲಿ ಹುಳ ಮೂರನೇ ಜ್ವರಕ್ಕೆ ಬಂದವೆ, ಪೊರೆ ಬಿಟ್ಟು ಎದ್ದಾಗ ಸೊಪ್ಪು ಎಲ್ಲಿಂದ ತರ್ಲಿ?’

‘ಗೂಡು ತುಂಬ ಮರಿ ಅವೆ ಕಣೋ.’

‘ಮರಿಗೇನು, ಮರದ ಮೇಲವೆ. ನೀರಿಳಿದ್ರೆ ಅವುಕ್ಕೇನಾಗ್ತದೆ?’

ಏನಾಗುತ್ತದೆ ಎಂದು ಚೌಡಕ್ಕನಿಗೆ ಗೊತ್ತಿತ್ತು. ಆದರೂ ಅವನ ಮುಖ ನೋಡಿ ಚಕ್ರ ತಿರುಗಿಸಿದಳು. ಹತ್ತು ದಿನಕ್ಕೆ ಜಾಲಿ ಮರಗಳ ಬುಡದ ನೀರು ಇಳಿದು ಕೆಸರು ಕಂಡಿತು. ಹನ್ನೊಂದನೆಯ ದಿನ ನಾಯಿಗಳು ಬಂದವು. ಗೂಡಿನ ಅಂಚಿಗೆ ಬಂದು ಜಾರಿದ ಮರಿಗಳು ಮೊದಲಾದರೆ ನೀರಿಗೆ ಬಿದ್ದು, ಈಜಿ, ಹೇಗೋ ಕೊಂಬೆ ಹಿಡಿದು ಹತ್ತುತ್ತಿದ್ದವು. ಈಗ ಕೆಸರಿಗೆ ಬಿದ್ದವು. ಚೌಡಕ್ಕ ಕೋಲು ಹಿಡಿದು ಒಂದು ಕಡೆ ಓಡಿಸಿದರೆ ನಾಯಿಗಳು ಇನ್ನೊಂದು ಕಡೆ ಬರುತ್ತಿದ್ದವು. ನಾಯಿಗಳು ಬಂದ ಐದನೆಯ ದಿನಕ್ಕೆ ದೊಡ್ಡ ಹಕ್ಕಿಗಳು ಮರ ಬಿಟ್ಟು ಎದ್ದುಹೋದವು. ಹರೀಶನ ಸೊಪ್ಪು ಉಳಿಯಿತು, ಹುಳ ಕಟ್ಟಿದ ರೇಷ್ಮೆಗೂಡಿಗೆ ಹಿಂದೂಪುರದಲ್ಲಿ ಒಳ್ಳೆಯ ಬೆಲೆಯೂ ಬಂತು. ರಾಧಾ ಹೋಳಿಗೆ ತಂದಳು. ಚೌಡಕ್ಕ ಒಂದನ್ನು ತಿಂದು, ಇನ್ನೊಂದನ್ನು ಮುಟ್ಟಲಾರದೆ ಹಾಗೇ ಇಟ್ಟಳು. ಯಾಕೆಂದು ರಾಧಾ ಕೇಳಿದಳು. ಹಲ್ಲು ನೋವು ಎಂದಳು.

ಅದಾಗಿ ಒಂದು ವರ್ಷಕ್ಕೆ ನೇತ್ರಾ ಬಂದಳು. ಬೆಂಗಳೂರಿನ ಕಡೆಯ ಹುಡುಗಿ, ನೀರು ಹಕ್ಕಿಗಳನ್ನು ಓದಿದವಳು, ಜಿಲ್ಲೆಯ ಕೆರೆಗಳನ್ನು ನೋಡಿ ವರದಿ ಬರೆಯುವ ಕೆಲಸದಲ್ಲಿದ್ದಳು. ಜನವರಿಯಲ್ಲಿ ಮೂರು ದಿನ ಏರಿಯ ಮೇಲೆ ದುರ್ಬೀನು ಇಟ್ಟುಕೊಂಡು ಕೂತಳು. ಬೂದು ಬಣ್ಣದ, ತಲೆಯ ಮೇಲೆ ಎರಡು ಕಪ್ಪು ಪಟ್ಟಿಯಿರುವ ಹೆಬ್ಬಾತುಗಳು ಆ ವರ್ಷ ನೂರಾರು ಇಳಿದಿದ್ದವು. ಚೌಡಕ್ಕ ಅವಳಿಗೆ ಮಜ್ಜಿಗೆ ಕೊಟ್ಟಳು.

‘ಇವು ಮಂಗೋಲಿಯಾದಿಂದ ಬರ್ತವೆ ಅಮ್ಮ. ಹಿಮಾಲಯ ದಾಟಿ’ ಎಂದಳು ನೇತ್ರಾ. ‘ದಾರಿಯಲ್ಲಿ ಎಷ್ಟು ದೇಶ ಇದಾವೋ ಅಷ್ಟೂ ಕಡೆ ಇಳಿಯೋಕೆ ನೀರು ಬೇಕು. ಒಬ್ಬರು ಕಾಪಾಡಿ ಇನ್ನೊಬ್ಬರು ಬಿಟ್ಟರೆ ಆಗಲ್ಲ. ಅದಕ್ಕೇ ಐವತ್ತು ವರ್ಷದ ಹಿಂದೆ ಇರಾನ್ ದೇಶದ ರಾಮ್ಸಾರ್ ಅನ್ನೋ ಊರಲ್ಲಿ ದೇಶದೇಶದವರು ಕೂತು ಒಪ್ಪಂದ ಮಾಡಿಕೊಂಡರು. ಮುಖ್ಯವಾದ ಕೆರೆ, ಜೌಗು ಎಲ್ಲ ಒಂದು ಪಟ್ಟಿಗೆ ಸೇರಿಸೋದು ಅಂತ.’

‘ನಮ್ಮ ಕೆರೆನೂ ಸೇರ್ತದಾ?’

‘ಕೇಳೋಣ. ಮೊದಲು ನಮ್ಮ ಸರ್ಕಾರ ಇದರ ಗಡಿ ಗುರುತಿಸಬೇಕು. ನೀರು ಎಲ್ಲಿವರೆಗೆ ಬರುತ್ತೆ ಅನ್ನೋದೇ ಗಡಿ.’

ಊರಿನಲ್ಲಿ ಸುದ್ದಿ ಬೇರೆ ಬೇರೆಯಾಗಿ ಹಬ್ಬಿತು. ಪಂಚಾಯಿತಿ ಹಿರಿಯ ಬೋರಣ್ಣ ‘ಅದ್ಯಾವುದೋ ರಾಮಸಾಗರದವ್ರು ಬಂದು ಕೆರೆ ಬರ್ಕಂತಾವ್ರಂತೆ’ ಎಂದು ಟೀ ಅಂಗಡಿಯಲ್ಲಿ ಹೇಳಿದ. ಹೊರಗಿನವರು ಕೆರೆ ಕೊಂಡುಕೊಳ್ಳುತ್ತಾರೆ ಎಂದು ಕೆಲವರು ಹೆದರಿದರು. ಹೋಟೆಲು ಆಗುತ್ತದೆ, ಕೆಲಸ ಸಿಗುತ್ತದೆ ಎಂದು ಕೆಲವರು ಖುಷಿಪಟ್ಟರು.

ಸರ್ವೆಯವರು ಬಂದ ದಿನ ಊರಿಗೆ ಊರೇ ಕೋಡಿಯ ಹತ್ತಿರ ಸೇರಿತ್ತು. ಸರ್ವೆಯರ್ ಮೂರು ಕಾಲಿನ ಯಂತ್ರ ನಿಲ್ಲಿಸಿ ಕೋಡಿಯ ಎತ್ತರ ಅಳೆದ. ಆ ಲೆಕ್ಕದಲ್ಲಿ ಹದಿಮೂರು ಮನೆಯವರ ಹೊಲಗಳೂ ಗೆರೆಯಿಂದ ಹೊರಗೇ ಉಳಿಯುತ್ತಿದ್ದವು. ಜನ ನಿರಾಳವಾಗಿ ಬೀಡಿ ಹಚ್ಚಿದರು. ನೇತ್ರಾ ಮಾತ್ರ ಏರಿಯ ಒಳಮೈಯನ್ನೇ ನೋಡುತ್ತಿದ್ದಳು. ಅಲೆ ಬಡಿದು ಸವೆದ ಕಲ್ಲುಗಳು ಕೋಡಿಗಿಂತ ಎಷ್ಟೋ ಮೇಲಿನವರೆಗೂ ಇದ್ದವು. ಅವಳು ಸರ್ವೆಯರ್ ಕಿವಿಯಲ್ಲಿ ಏನೋ ಹೇಳಿದಳು. ಅವನು ತಿರುಗಿ ತೆಲುಗಿನಲ್ಲಿ ಎಲ್ಲರನ್ನೂ ಕೇಳಿದ: ಈ ಕೋಡಿ ಮೊದಲಿನಿಂದಲೂ ಇಷ್ಟೇ ಇತ್ತೇ?

‘ನಮ್ಮ ತಾತನ ಕಾಲದಿಂದ್ಲೂ ಇಷ್ಟೇ ಸಾರ್’ ಎಂದ ಬೋರಣ್ಣ. ಉಳಿದವರು ತಲೆಯಾಡಿಸಿದರು.

ಸರ್ವೆಯರ್ ಚೌಡಕ್ಕನ ಕಡೆ ನೋಡಿದ. ‘ನೀರಗಂಟಿ ಈಯಮ್ಮನೇ ಅಲ್ವಾ? ನೀನು ಹೇಳಮ್ಮ.’

ಹರೀಶ ಅವಳಿಗೆ ಎದುರಾಗಿ, ಗುಂಪಿನ ಮುಂದಿನ ಸಾಲಿನಲ್ಲೇ ನಿಂತಿದ್ದ. ಹೇಳಬೇಕಾದ್ದೇ ಇಲ್ಲ ಎಂಬ ಹಾಗೆ ಅವಳನ್ನೇ ನೋಡಿದ. ಹೌದು ಸಾರ್, ಇಷ್ಟೇ ಇತ್ತು ಎಂಬ ಮಾತು ಚೌಡಕ್ಕನ ಬಾಯಿವರೆಗೆ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣಿಗೆ ಕೆಸರು ಕಂಡಿತು, ಆ ಹನ್ನೊಂದನೆಯ ದಿನದ ಕೆಸರು. ಅವಳು ಕೋಡಿಯಿಂದ ಇಳಿದು ನಡೆಯತೊಡಗಿದಳು. ಎಲ್ಲಿಗೆ ಎಂದು ಯಾರಿಗೂ ತಿಳಿಯಲಿಲ್ಲ. ನೇತ್ರಾ ಮತ್ತು ಸರ್ವೆಯರ್ ಹಿಂದೆ ಹೋದರು. ಅವಳು ಸೊಪ್ಪಿನ ತೋಟವನ್ನು ದಾಟಿ, ಅದರ ಮೇಲಂಚಿನ ಹಾಸುಬಂಡೆಯ ಹತ್ತಿರ ನಿಂತಳು.

‘ಇಲ್ಲಿಗ್ ಬತ್ತಿತ್ತು ಸ್ವಾಮಿ. ಕೋಡಿ ಮೇಲೆ ಇನ್ನೂ ಎರಡು ಸಾಲು ಕಲ್ಲಿತ್ತು. ನಾನು ಚಿಕ್ಕೋಳಿದ್ದಾಗ ಈ ಬಂಡೆ ಮೇಲೆ ಕೂತು ನೀರಲ್ಲಿ ಕಾಲು ಬಿಟ್ಕಂಡಿರ್ತಿದ್ದೆ.’

ಸರ್ವೆಯರ್ ಬಂಡೆಗೆ ಕೆಂಪು ಬಣ್ಣ ಬಳಿದ. ಅವಳು ಹಿಂತಿರುಗಿ ಬರುವಾಗ ಗುಂಪು ಅವಳಿಗೆ ದಾರಿ ಬಿಟ್ಟಿತು. ಅಗತ್ಯಕ್ಕಿಂತ ಜಾಸ್ತಿಯೇ ಬಿಟ್ಟಿತು.

ಸಂಜೆ ಹರೀಶ ಬಂದ. ಒಳಗೆ ಬರಲಿಲ್ಲ.

‘ಯಾಕಿಂಗ್ ಮಾಡಿದೆ?’

‘ಕೇಳಿದ್ರು, ಹೇಳ್ದೆ.’

‘ಊರೆಲ್ಲ ಒಂದು ಮಾತಾಡ್ತು. ನಿಂಗೊಬ್ಬಳಿಗೆ ಇನ್ನೊಂದು ಮಾತು ಬೇಕಾಗಿತ್ತಾ?’

‘ಹೋದ ಸರ್ತಿ ನೀನು ಕೇಳ್ದೆ ಅಂತ ತೂಬು ಎತ್ತಿದೆ ಕಣೋ. ಆ ಮರಿಗಳು...’

‘ಮರಿ!’ ಎಂದ ಹರೀಶ. ‘ನೀನು ಆ ಹಕ್ಕಿಗಳಿಗೆ ದೊಡ್ಡಮ್ಮನೋ, ನನಗೋ?’

ಅವನು ಕಾದ. ಆಮೇಲೆ ಹೋದ.

ಮರುದಿನ ರಾಧಾ ಬರಲಿಲ್ಲ. ಹೊತ್ತು ಮುಳುಗಿದ ಮೇಲೂ ಚೌಡಕ್ಕ ಬಾಗಿಲಲ್ಲಿ ಕೂತಿದ್ದು, ಕಡೆಗೆ ಎದ್ದು ಮುದ್ದೆ ತಿರುವಿದಳು. ಒಬ್ಬಳಿಗೆ ಎಷ್ಟು ಹಿಟ್ಟು ಹಾಕಬೇಕೆಂಬ ಅಂದಾಜು ಕೈಗೆ ತಪ್ಪಿಹೋಗಿತ್ತು. ಮುದ್ದೆ ಮೂರು ಜನಕ್ಕಾಗುವಷ್ಟಾಯಿತು.

ಊರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಹೋದರೆ ಟೀ ಅಂಗಡಿಯಲ್ಲಿ ಮಾತು ನಿಲ್ಲುತ್ತಿತ್ತು, ಟೀ ಮಾತ್ರ ಬರುತ್ತಿತ್ತು. ಅಮರಾಪುರದ ಸಂತೆಗೆ ಹೊರಟು ದಾರಿಯಲ್ಲಿ ನಿಂತರೆ ಬೈಕುಗಳು ನಿಲ್ಲದೆ ಹೋಗುತ್ತಿದ್ದವು. ದ್ಯಾಮಮ್ಮ ಎಂಬ ಗೆಳತಿ, ಹುಡುಗಿಯರಾಗಿದ್ದಾಗ ಅವಳ ಜೊತೆ ಕೆರೆಯಲ್ಲಿ ಈಜಿದವಳು, ಬಾವಿಯ ಹತ್ತಿರ ಸಿಕ್ಕಾಗ ಕೊಡ ತುಂಬುವವರೆಗೂ ಬಗ್ಗಿದ ತಲೆ ಎತ್ತಲಿಲ್ಲ. ದ್ಯಾಮಮ್ಮನ ಮಗನ ಹೊಲವೂ ಗೆರೆಯ ಒಳಗೆ ಬಿದ್ದಿತ್ತು.

ಚೌಡಕ್ಕ ತನ್ನಷ್ಟಕ್ಕೆ ಮಾತಾಡುವುದನ್ನು ಶುರುಮಾಡಿದ್ದು ಆಗಲೇ. ಮೊದಮೊದಲು ಏರಿಯ ಮೇಲೆ ಮೇಯಲು ಬಂದ ಎಮ್ಮೆಗಳನ್ನು ಗದರುವ ನೆಪವಿತ್ತು. ಆಮೇಲೆ ನೆಪವೂ ಬೇಕಾಗಲಿಲ್ಲ.

ಕೆಲಸ ನಿಧಾನವಾಗಿಯೇ ನಡೆಯಿತು. ಬಂಡೆಯ ಸಾಲಿನಲ್ಲಿ ಗಡಿಕಲ್ಲುಗಳು ನಿಂತವು. ಹದಿಮೂರು ಮನೆಗಳಿಗೆ ನೋಟೀಸು ಬಂತು, ನಿಂತ ಬೆಳೆ ತೆಗೆದುಕೊಳ್ಳಲು ಆರು ತಿಂಗಳು ಸಮಯ ಕೊಟ್ಟರು. ಐದಾರು ಮಂದಿಗೆ ಬೇರೆ ಕಡೆ ಜಮೀನು ಇತ್ತು. ಹರೀಶನಿಗೆ ಇರಲಿಲ್ಲ. ಬದಲಿ ಜಾಗ ಕೊಡಿಸುತ್ತೇನೆಂದು ನೇತ್ರಾ ಕಚೇರಿಗಳಿಗೆ ಅಲೆದಳು. ಪಟ್ಟಾ ಇಲ್ಲದವರಿಗೆ ಬದಲಿ ಎಲ್ಲಿಯದು ಎಂದು ಕೇಳಿದರು. ಕೊನೆಯ ಬೆಳೆಯ ಸೊಪ್ಪು ಕೊಯ್ದ ಮೇಲೆ ಹರೀಶ ಗಿಡಗಳನ್ನು ತಾನೇ ಬುಡಸಮೇತ ಅಗೆದ, ಬೇರೆಯವರ ಕೈಗೆ ಬಿಡಲಿಲ್ಲ. ಚೌಡಕ್ಕ ಏರಿಯ ಮೇಲಿಂದ ನೋಡುತ್ತಿದ್ದಳು. ಇಳಿದು ಹೋಗಿ ಒಂದು ಗುದ್ದಲಿ ಹಿಡಿಯಬೇಕೆನ್ನಿಸಿ ಎರಡು ಸಲ ಎದ್ದು, ಎರಡು ಸಲವೂ ಕೂತಳು. ತಿಂಗಳೊಳಗೆ ಗಂಡಹೆಂಡಿರು ಮಡಕಶಿರಕ್ಕೆ ಹೋದರು. ಅವನಿಗೆ ಕಡಲೆಕಾಯಿ ಮಂಡಿಯಲ್ಲಿ ಮೂಟೆ ತೂಗುವ ಕೆಲಸ, ಅವಳು ಒಂದು ಟೈಲರ್ ಅಂಗಡಿಗೆ ಸೇರಿದಳು. ಹೋಗುವ ದಿನ ಹೇಳಿಹೋಗಲಿಲ್ಲ. ಬಸ್ಸಿನಲ್ಲಿ ಕೂತದ್ದನ್ನು ನೋಡಿದವರು ಆಮೇಲೆ ಹೇಳಿದರು, ಅದೂ ಚೌಡಕ್ಕನಿಗಲ್ಲ, ಅವಳಿಗೆ ಕೇಳಿಸುವ ಹಾಗೆ.

ಈ ವರ್ಷ ಫೆಬ್ರವರಿಯಲ್ಲಿ ನೇತ್ರಾ ಫೋನು ಮಾಡಿದಳು. ರಾಜ್ಯದ ರಕ್ಷಿತ ಕೆರೆಗಳ ಸಾಲಿಗೆ ಸಿದ್ದರಕೆರೆ ಸೇರಿತ್ತು. ರಾಮ್ಸಾರ್ ಒಪ್ಪಂದದ ಆ ದೊಡ್ಡ ಪಟ್ಟಿಗೆ ಮಾತ್ರ ಇನ್ನೂ ಸೇರಿಲ್ಲ. ಕಾಗದ ದೆಹಲಿಗೆ ಹೋಗಿದೆ, ವರ್ಷಗಳೇ ಹಿಡಿಯಬಹುದು, ಸಿಗದೆಯೂ ಹೋಗಬಹುದು. ‘ನನ್ನ ಕೆಲಸದ ಅವಧಿ ಮುಗೀತು ಅಮ್ಮ, ಒಡಿಶಾ ಕಡೆ ಹೋಗ್ತಿದೀನಿ. ನೀವು ಅವತ್ತು ಬಂಡೆ ತೋರಿಸದೇ ಇದ್ದಿದ್ದರೆ...’

‘ಹುಷಾರಾಗಿರು ತಾಯಿ. ಅಲ್ಲಿ ಬಿಸಿಲು ಜಾಸ್ತಿನಾ?’ ಎಂದು ಕೇಳಿದಳು ಚೌಡಕ್ಕ. ಆ ಮಾತು ಮುಂದುವರಿಯುವುದು ಅವಳಿಗೆ ಬೇಕಾಗಿರಲಿಲ್ಲ.

ಫೋನು ಇಟ್ಟ ಮೇಲೆ, ಇಡೀ ಜಗತ್ತಿನಲ್ಲಿ ತನ್ನ ಹತ್ತಿರ ಈ ಕೆರೆಯ ವಿಷಯ ಮಾತಾಡುತ್ತಿದ್ದ ಒಬ್ಬಳೂ ಹೋದಳಲ್ಲ ಎನ್ನಿಸಿತು. ಮರುದಿನ ಬೆಳಗ್ಗಿನ ಬಸ್ಸಿಗೆ ಮಡಕಶಿರಕ್ಕೆ ಹೊರಟಳು. ಬೆಟ್ಟದ ಕೋಟೆಯ ಕೆಳಗಿನ ಬೀದಿಯಲ್ಲಿ ಕೇಳಿಕೊಂಡು ಕೇಳಿಕೊಂಡು ರಾಧಾಳ ಅಂಗಡಿ ಹುಡುಕಿದಳು. ರಾಧಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಯಾರೋ ಗಿರಾಕಿ ಎಂದು ತಲೆಯೆತ್ತಿದವಳು ಹಾಗೇ ಎದ್ದು ನಿಂತಳು.

‘ಅತ್ತೆ.’

‘ರವಿಕೆ ಹೊಲಿಸ್ಬೇಕಾಗಿತ್ತು’ ಎಂದಳು ಚೌಡಕ್ಕ. ದಾರಿಯಲ್ಲಿ ಇದೊಂದೇ ಮಾತನ್ನು ಯೋಚಿಸಿಕೊಂಡು ಬಂದಿದ್ದಳು. ಚೀಲದಲ್ಲಿ ಬಟ್ಟೆಯೂ ಇತ್ತು.

ರಾಧಾ ಟೇಪು ತೆಗೆದುಕೊಂಡು ಅವಳ ಭುಜ ಅಳೆದಳು, ತೋಳು ಅಳೆದಳು. ಎದೆಯ ಸುತ್ತ ಟೇಪು ತಂದಾಗ ಅವಳ ಕೈ ನಿಂತಿತು. ಮತ್ತೆ ಒಂದು ಸಲ ಅಳೆದಳು.

‘ಊಟ ಮಾಡ್ತೀಯೋ ಇಲ್ವೋ ನೀನು?’

‘ಮಾಡ್ತೀನಿ. ಯಾಕೆ?’

ರಾಧಾ ಪುಸ್ತಕದಲ್ಲಿ ಅಳತೆ ಬರೆದುಕೊಂಡಳು. ಎದುರಿನ ಹೋಟೆಲಿನಿಂದ ಇಡ್ಲಿ ತರಿಸಿದಳು. ಚೌಡಕ್ಕ ತಿನ್ನುವವರೆಗೂ ಎದುರಿಗೇ ಕೂತಳು. ಹರೀಶ ಹೇಗಿದಾನೆ ಎಂದು ಚೌಡಕ್ಕ ಕೇಳಿದಳು. ಬೆನ್ನು ನೋವು ಅಂತಾನೆ, ಮೂಟೆ ಎತ್ತಿ ಎತ್ತಿ, ಎಂದಳು ರಾಧಾ. ಮಂಡಿ ಹತ್ತಿರದಲ್ಲೇ ಇತ್ತು. ಕರೆಸಲಾ ಎಂದು ರಾಧಾ ಕೇಳಲಿಲ್ಲ, ಕರೆಸು ಎಂದು ಚೌಡಕ್ಕನೂ ಹೇಳಲಿಲ್ಲ.

‘ರವಿಕೆಗೆ ಯಾವಾಗ ಬರ್ಲಿ?’

‘ನೀನ್ಯಾಕೆ ಅಷ್ಟು ದೂರ ಬತ್ತೀಯ. ಬಸ್ಸಿನ ಡ್ರೈವರ್ ಕೈಲಿ ಕಳಿಸ್ತೀನಿ.’

ರವಿಕೆ ಮುಂದಿನ ಗುರುವಾರ ಬಂತು. ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿತ್ತು. ಚೌಡಕ್ಕ ತೊಟ್ಟು ನೋಡಿದಳು. ಅಳತೆಗಿಂತ ಎರಡು ಬೆರಳು ಸಡಿಲವಾಗಿಯೇ ಹೊಲಿದಿದ್ದಳು ರಾಧಾ. ಮೈ ತುಂಬಿಕೊಂಡರೆ ಇರಲಿ ಎಂದಿರಬೇಕು. ಚೌಡಕ್ಕ ಅದನ್ನು ತೊಟ್ಟುಕೊಂಡೇ ಒಲೆ ಹಚ್ಚಿ, ಈ ಸಲ ತನಗೆಂದೇ ಒಂದು ಹಿಡಿ ಹಿಟ್ಟು ಜಾಸ್ತಿ ಹಾಕಿದಳು.