ನಲವತ್ತನೇ ನಿಮಿಷಕ್ಕೆ ಇಳಿಸಿದ ದ್ರಾವಣ

ಏಪ್ರಿಲ್ ಹದಿನೆಂಟು, ಬೆಳಿಗ್ಗೆ 10.20. ಬೀದರಿನ ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಎರಡು ಫ್ಲಾಸ್ಕ್‌ಗಳು ಒಟ್ಟಿಗೆ ಬಿಸಿಯಾಗತೊಡಗಿದವು. ಒಂದು ನನ್ನದು, ಇನ್ನೊಂದು ಸಹಪಾಠಿ ಸಾವಿತ್ರಿಯದು. ನಮ್ಮ ಕೆಮಿಸ್ಟ್ರಿ ಮೇಡಂ ನಡೆಸುವ ಪ್ರಾಜೆಕ್ಟ್‌ನಲ್ಲಿ ಮುಂದಿನ ವರ್ಷಕ್ಕೆ ಇರುವುದು ಒಂದೇ ಜಾಗ. ಯಾರ ದ್ರಾವಣ ಕಿತ್ತಳೆ ಬೆಳಕು ಕೊಡುತ್ತದೋ ಜಾಗ ಅವರದು ಎಂದು ಮೇಡಂ ಹೇಳಿಬಿಟ್ಟಿದ್ದರು.

ಏನು ಕಾಯಿಸುತ್ತೇವೆ ಅಂತೀರಾ? ತಾಮ್ರ, ಇಂಡಿಯಂ, ಗಂಧಕ ಇರುವ ಲವಣಗಳನ್ನು ನೀರಿನಲ್ಲಿ ಕಾಯಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಅರೆವಾಹಕ ಕಣಗಳು ಹುಟ್ಟುತ್ತವೆ. ಕಾದಷ್ಟೂ ಬೆಳೆಯುತ್ತವೆ. ಬೆಳೆದಂತೆ, ಅತಿನೇರಳೆ (ಯುವಿ) ಟಾರ್ಚ್ ಹಿಡಿದಾಗ ಅವು ಸೂಸುವ ಬೆಳಕೂ ಬದಲಾಗುತ್ತದೆ. ಮೊದಲು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕೆಂಪು. ಬೇಕಾದಲ್ಲಿ ನಿಲ್ಲಿಸಲು ಬಂದರೆ, ಮುಂದೊಂದು ದಿನ ಗಾಜಿಗೆ ಬಣ್ಣದಂತೆ ಬಳಿದು ಬಿಸಿಲಿನಿಂದ ಕರೆಂಟ್ ಪಡೆಯಬಹುದು. (ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.) ನಿಲ್ಲಿಸುವ ಹೊತ್ತೇ ಎಲ್ಲ.

ನನ್ನ ಹೊತ್ತು ನಲವತ್ತು ನಿಮಿಷ. ಇಪ್ಪತ್ತಮೂರು ಸಲ ಮಾಡಿ, ಬರೆದಿಟ್ಟು ಕಂಡುಕೊಂಡದ್ದು. ಸಾವಿತ್ರಿ ಮಾಡಿದ್ದು ಒಂಬತ್ತೇ ಸಲ, ಕೆಟ್ಟದ್ದು ಒಂದೇ ಸಲ. ಅವಳು ಗಡಿಯಾರ ನೋಡುವುದಿಲ್ಲ, ಬಣ್ಣ ನೋಡುತ್ತಾಳೆ. ಇದು ನ್ಯಾಯವೇ?

ಅಂದು ಒಂದು ವ್ಯತ್ಯಾಸವಿತ್ತು. ನಲ್ಲಿಯಲ್ಲಿ ನೀರಿಲ್ಲದೆ, ಶುದ್ಧ ನೀರು ಬಟ್ಟಿ ಇಳಿಸುವ ಯಂತ್ರ ನಿಂತಿತ್ತು. ಬ್ಯಾಟರಿಗೆ ಹಾಕುವ ನೀರಿನ ಕ್ಯಾನ್ ಅಂಗಡಿಯಿಂದ ತಂದಿದ್ದೆವು. ನೋಟ್‌ಬುಕ್ಕಿನಲ್ಲಿ ಬರೆದೆ. ಬರೆದು ಮರೆತೆ.

ನಲವತ್ತನೇ ನಿಮಿಷ. ಇಕ್ಕಳ ಕೈಗೆತ್ತಿಕೊಂಡೆ.

"ಇಳಸಬ್ಯಾಡ," ಎಂದಳು ಸಾವಿತ್ರಿ. "ಇನ್ನಾ ಕಚ್ಚಾ ಅದ ನೋಡು."

"ನಿಂದು ನೀ ನೋಡ್ಕೋ."

ನನ್ನದನ್ನು ಕೆಡಿಸಲೆಂದೇ ಹೇಳುತ್ತಿದ್ದಾಳೆ ಎಂದುಕೊಂಡೆ. ಇಳಿಸಿ ಮಂಜುಗಡ್ಡೆಯಲ್ಲಿಟ್ಟೆ. ಅವಳು ಇನ್ನೂ ಹದಿನಾಲ್ಕು ನಿಮಿಷ ಕಾದಳು.

ಮೇಡಂ ಯುವಿ ಟಾರ್ಚ್ ಹಿಡಿದರು. ಅವಳದು ತುಂಬು ಕಿತ್ತಳೆ. ನನ್ನದು ತೆಳು ಹಳದಿ.

"ಯಾಕವ್ವಾ, ಇಷ್ಟು ಲಗೂ ಇಳಿಸಿದಿ?"

"ನಲವತ್ತು ನಿಮಿಷ ಆಗಿತ್ರಿ ಮೇಡಂ."

"ಗಡಿಯಾರಕ್ಕ ಆಗಿತ್ತು. ದ್ರಾವಣಕ್ಕ ಆಗಿತ್ತೇನು?"

ಆ ಕಣ್ಣು ಅವಳಿಗೆ ಎಲ್ಲಿಂದ ಬಂತು? ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ತಡೆಯಲಾರದೆ ಕೇಳಿದೆ. ಸಾವಿತ್ರಿ ಭಾಲ್ಕಿ ತಾಲೂಕಿನ ಮೆಹಕರದವಳು. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆಮಂದಿಯೆಲ್ಲ ಮಹಾರಾಷ್ಟ್ರಕ್ಕೆ, ಬೆಲ್ಲ ಕಾಯಿಸುವ ಕೆಲಸಕ್ಕೆ ಗುಳೆ ಹೋಗುತ್ತಿದ್ದರಂತೆ.

"ಮೂರು ವರ್ಷ ಸಾಲಿ ಅರ್ಧರ್ಧ ತಪ್ಪಿತ್ತು," ಎಂದಳು. "ಕಡಾಯಿ ಮುಂದ ಕುಂತು, ಪಾಕದ ಬಣ್ಣ ತಿರುಗಿದ ಕೂಡಲೆ ಅಪ್ಪಗ ಒದರೋದು ನನ್ನ ಕೆಲಸ. ತಡಾ ಆದ್ರ ಬೆಲ್ಲ ಕರ್ರಗ, ಲಗೂ ಆದ್ರ ಅಂಟು. ಎರಡಕ್ಕೂ ಬೈಗುಳ ನನಗ."

ನಾನು ಔರಾದಿನ ಮೇಷ್ಟ್ರ ಮಗಳು. ಹತ್ತು ವರ್ಷದಲ್ಲಿ ಶಾಲೆ ತಪ್ಪಿಸಿದ್ದು ನಾಲ್ಕು ದಿನ. ಗುಳೆ ಹೋದವಳನ್ನು ಕಂಡು ಹೊಟ್ಟೆಕಿಚ್ಚು ಪಡುವವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನಾಚಿಕೆಯಾಯಿತೇ? ಆಯಿತು. ಕಿಚ್ಚು ಕಡಿಮೆಯಾಯಿತೇ? ಇಲ್ಲ.

ಜಾಗ ಅವಳಿಗೆ ಹೋಯಿತು. ನನಗೆ ಉಳಿದದ್ದು ಒಂದು ಪ್ರಶ್ನೆ. ಬ್ಯಾಟರಿ ನೀರಿನಲ್ಲಿ ಆ ಕಣಗಳು ನಿಧಾನ ಬೆಳೆಯುವುದೇಕೆ? ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಸಾವಿತ್ರಿಗೆ ಗೊತ್ತಿದೆಯಂತೆ. ಅವಳನ್ನು ಮಾತ್ರ ಕೇಳಲಾರೆ.